ಮಲಗಿದಾಗ ಮೂಗೂ ಮಲಗುತ್ತದೆ

ಚಿಂತಾಮಣಿಯ ಪೇಟೆ ಬೀದಿಯಲ್ಲಿ ಪರಿಚಿತರೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಕೆಳಗೆ ಅಂಗಡಿ ಮತ್ತು ಗೋದಾಮು, ಮೇಲಿನ ಎರಡು ಅಂತಸ್ತಿನಲ್ಲಿ ವಾಸ. ಊಟವಾದ ಮೇಲೆ ಮನೆಯ ಯಜಮಾನರು ಉತ್ಸಾಹದಿಂದ ಮನೆಯೆಲ್ಲ ತೋರಿಸಿದರು. ಗ್ರಾನೈಟ್ ನೆಲ, ತೇಗದ ಬಾಗಿಲು, ಹೊಸ ಮಾದರಿಯ ಅಡುಗೆಮನೆ. ಕೊನೆಗೆ ಕಿಟಕಿಯ ಕಡೆ ಕೈತೋರಿಸಿ ಹೇಳಿದರು: "ಕಳ್ಳರ ಭಯವೇ ಇಲ್ಲ ಡಾಕ್ಟ್ರೇ. ಒಂದು ಕಿಟಕಿ ಬಿಡದೆ ಗ್ರಿಲ್ ಹಾಕ್ಸಿದೀನಿ. ಕೆಳಗೆ ಶಟರ್ರು, ಮೆಟ್ಟಿಲಿಗೆ ಗೇಟು. ರಾತ್ರಿ ಬೀಗ ಹಾಕಿದ್ರೆ ನೊಣ ಕೂಡ ಬರಲ್ಲ."

"ಎಲ್ಲ ಸರಿ, ರಾತ್ರಿ ಹೊತ್ತು ಕೆಳಗಿನ ಗೋದಾಮಿನಿಂದ ಹೊಗೆ ಬಂದರೆ ನಿಮಗೆ ತಿಳಿಯುವುದು ಹೇಗೆ?" ಎಂದು ಕೇಳಿದೆ.

ಅವರು ನಕ್ಕರು. "ಹೊಗೆ ಬಂದ್ರೆ ವಾಸನೆ ಬರಲ್ವಾ? ಎಚ್ಚರ ಆಗೇ ಆಗುತ್ತೆ."

ಈ ಮಾತನ್ನು ನೀವೂ ನಂಬಿದ್ದೀರಿ. ವೈದ್ಯಕೀಯ ಓದುವ ಮುನ್ನ ನಾನೂ ನಂಬಿದ್ದೆ. ಆದರೆ ಇದು ತಪ್ಪು ನಂಬಿಕೆ. ಈ ತಪ್ಪಿಗೆ ತೆರಬೇಕಾದ ಬೆಲೆ ಒಮ್ಮೊಮ್ಮೆ ಇಡೀ ಕುಟುಂಬ. ಆದ್ದರಿಂದಲೇ ಆರೋಗ್ಯದ ಈ ಅಂಕಣದಲ್ಲಿ ಈ ವಾರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಬದಿಗಿಟ್ಟು ಹೊಗೆಯ ಮಾತನ್ನು ಎತ್ತಿಕೊಂಡಿದ್ದೇನೆ.

ಕಿವಿ ಕಾಯುತ್ತದೆ, ಮೂಗು ಕಾಯುವುದಿಲ್ಲ

ನಿದ್ದೆಯಲ್ಲಿ ನಮ್ಮ ಇಂದ್ರಿಯಗಳೆಲ್ಲ ಒಂದೇ ರೀತಿ ವಿಶ್ರಮಿಸುವುದಿಲ್ಲ. ಮಗು ಅತ್ತರೆ ತಾಯಿಗೆ ಎಚ್ಚರವಾಗುತ್ತದೆ, ಬಾಗಿಲು ಬಡಿದರೆ ಮನೆಯವರು ಏಳುತ್ತಾರೆ. ಕಿವಿ ಅರೆ ಎಚ್ಚರದಲ್ಲಿ ಕಾವಲಿರುತ್ತದೆ. ಮೂಗಿನ ಕಥೆ ಬೇರೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಮಲಗಿದವರ ಮೂಗಿಗೆ ಪುದೀನದ ಸುವಾಸನೆಯನ್ನೂ, ಪಿರಿಡಿನ್ ಎಂಬ ದುರ್ವಾಸನೆಯ ರಾಸಾಯನಿಕವನ್ನೂ ಹಾಯಿಸಿ ನೋಡಿ, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಜೊಂಪು ಹತ್ತುವ ಹಂತದಲ್ಲಿ ವಾಸನೆ ತಿಳಿಯುತ್ತಿತ್ತು. ನಿದ್ದೆ ಗಾಢವಾದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಅದೇ ಜನರನ್ನು ಶಬ್ದ ಎಬ್ಬಿಸಿತು.

ಹೊಗೆಯಾದರೋ ಎಬ್ಬಿಸದಿರುವುದಷ್ಟೇ ಅಲ್ಲ, ನಿದ್ದೆಯನ್ನು ಇನ್ನಷ್ಟು ಗಾಢ ಮಾಡುತ್ತದೆ. ಇದಕ್ಕೆ ಕಾರಣ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಬೇರೆಯವರು ಹಿಡಿದು ಕುಳಿತಂತೆ. ಆಮ್ಲಜನಕ ಶ್ವಾಸಕೋಶದ ಬಾಗಿಲಿಗೆ ಬಂದರೂ ಹತ್ತಲು ಜಾಗವಿರುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ನಂತರ ಕೈಕಾಲಿನಲ್ಲಿ ಬಲವಿಲ್ಲ. ಆಮೇಲೆ ಪ್ರಜ್ಞೆಯೇ ಇಲ್ಲ. ಮಲಗಿದವರಿಗೆ ಮೊದಲ ಹಂತಗಳ ಅರಿವೇ ಆಗುವುದಿಲ್ಲ.

ಬೆಂಕಿ ಅನಾಹುತದ ಸುದ್ದಿ ಓದುವಾಗ ಸತ್ತವರೆಲ್ಲ ಸುಟ್ಟು ಸತ್ತರೆಂದು ನಾವು ಭಾವಿಸುತ್ತೇವೆ. ಮುಚ್ಚಿದ ಕಟ್ಟಡಗಳಲ್ಲಿ ಬಹುಪಾಲು ಜನ ಸಾಯುವುದು ಉಸಿರುಗಟ್ಟಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹೊತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ. ಸತ್ತದ್ದು ಮೇಲೆ ಬಾಲ್ಕನಿಯಲ್ಲಿ ಚಿತ್ರ ನೋಡುತ್ತಿದ್ದವರು. ಹೊಗೆ ಮೇಲೇರಿ ಬಂದಿತ್ತು, ಎಚ್ಚರಿಸುವವರು ಯಾರೂ ಇರಲಿಲ್ಲ. 2011ರ ಡಿಸೆಂಬರ್ 9ರ ಮುಂಜಾವದಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರ ನೆಲಮಾಳಿಗೆಯಿಂದ ಎದ್ದ ಹೊಗೆ ಮೇಲಿನ ವಾರ್ಡುಗಳಿಗೆ ನುಗ್ಗಿ 90ಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಸತ್ತ 9 ಜನರ ಪಾಲಿಗೂ ಮೃತ್ಯುವಾದದ್ದು ಹೊಗೆಯೇ. ಅದಕ್ಕೆ ಹೆದರಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು.

ಹತ್ತಿ ಹಾಸಿಗೆ ಹೋಯಿತು, ಫೋಮ್ ಬಂತು

ನಮ್ಮ ಅಜ್ಜಿಯರ ಕಾಲದ ಮನೆಯಲ್ಲಿ ಹತ್ತಿಯ ಹಾಸಿಗೆ, ಮರದ ಮಂಚ, ಹೆಂಚಿನ ಸೂರು ಇದ್ದವು. ಹತ್ತಿಗೆ ಕಿಡಿ ತಾಗಿದರೆ ನಿಧಾನವಾಗಿ ಕಮರುತ್ತಿತ್ತು. ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗ ಮಲಗುವ ಹಾಸಿಗೆ ಫೋಮಿನದು, ಪರದೆ ಸಿಂಥೆಟಿಕ್, ಕುರ್ಚಿ ಪ್ಲಾಸ್ಟಿಕ್, ಸೂರು ಸಿಮೆಂಟಿನದು. ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿರುತ್ತೇವೆ. ಬೆಂಕಿ ಕೆಲವೇ ನಿಮಿಷಗಳಲ್ಲಿ ಕೋಣೆಯನ್ನು ಆವರಿಸುತ್ತದೆ. ಹೊಗೆಗೆ ಹೋಗಲು ದಾರಿಯಿಲ್ಲ.

ಇನ್ನೊಂದು ವಿಷಯ ಶಿಡ್ಲಘಟ್ಟದವರಿಗೆ ವಿಶೇಷವಾಗಿ ಗೊತ್ತಿರಬೇಕು. ಫೋಮ್, ನೈಲಾನ್, ಉಣ್ಣೆ ಮತ್ತು ರೇಷ್ಮೆಯಂಥ ಸಾರಜನಕವುಳ್ಳ ಪದಾರ್ಥಗಳು ಮುಚ್ಚಿದ ಜಾಗದಲ್ಲಿ ಉರಿದಾಗ ಹೈಡ್ರೋಜನ್ ಸಯನೈಡ್ ಅನಿಲವೂ ಹುಟ್ಟುತ್ತದೆ. ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿಯನ್ನೇ ಅದು ತಡೆಯುತ್ತದೆ. ಮಾನಾಕ್ಸೈಡ್ ಆಮ್ಲಜನಕವನ್ನು ಹತ್ತಗೊಡುವುದಿಲ್ಲ, ಸಯನೈಡ್ ಹತ್ತಿಬಂದದ್ದನ್ನು ಇಳಿಯಗೊಡುವುದಿಲ್ಲ ಎಂದರೆ ಸರಿಯಾದೀತು. ಎರಡೂ ಸೇರಿದರೆ ಮನುಷ್ಯ ಕೆಲವು ಉಸಿರಿಗೇ ಕುಸಿಯಬಹುದು. ಅನ್ನ ಕೊಡುವ ರೇಷ್ಮೆಯ ಬಗ್ಗೆ ಹೀಗೆ ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ; ಆದರೆ ರೇಷ್ಮೆ ತುಂಬಿದ ಕೋಣೆಯ ಮೇಲೆ ಮಕ್ಕಳನ್ನು ಮಲಗಿಸುವವರಿಗೆ ಇದು ತಿಳಿದಿರಲೇಬೇಕು.

ಕೆಳಗೆ ಸರಕು, ಮೇಲೆ ಸಂಸಾರ

"ಇದೆಲ್ಲ ಬೆಂಗಳೂರಿನ ಹತ್ತು ಅಂತಸ್ತಿನ ಕಟ್ಟಡಗಳಿಗೆ, ನಮಗಲ್ಲ" ಎಂದು ನೀವು ಹೇಳಬಹುದು. ಬೆಂಕಿ ಅಂತಸ್ತು ಎಣಿಸುವುದಿಲ್ಲ. 2025ರ ಮೇ 18ರ ಬೆಳಗ್ಗೆ ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಸ್‌ನಲ್ಲಿ ಒಂದೇ ಕುಟುಂಬದ 17 ಜನ ಸತ್ತರು. ಅವರಲ್ಲಿ 8 ಮಕ್ಕಳು. ಅದೇನು ಗಗನಚುಂಬಿ ಕಟ್ಟಡವಲ್ಲ. ಕೆಳಗೆ ಅಂಗಡಿಗಳು, ಮೇಲೆ ವಾಸದ ಮನೆ, ಹೊರಬರಲು ಇಕ್ಕಟ್ಟಾದ ದಾರಿ. ಅದಾಗಿ ಮೂರು ತಿಂಗಳಿಗೆ, ಆಗಸ್ಟ್ 16ರಂದು ಬೆಳಕು ಹರಿಯುವ ಮುನ್ನ, ಬೆಂಗಳೂರಿನ ನಗರ್ತಪೇಟೆಯಲ್ಲಿ ಬೆಂಕಿ ಬಿದ್ದು 5 ಜನ ಪ್ರಾಣ ಕಳೆದುಕೊಂಡರು. ಇಬ್ಬರು ಮಕ್ಕಳೂ ಹೋದರು. ಅಲ್ಲಿಯೂ ವ್ಯಾಪಾರ ಕೆಳಗೆ, ಸಂಸಾರ ಮೇಲೆ.

ಈಗ ನಮ್ಮ ಊರುಗಳನ್ನು ನೋಡಿ. ಚಿಂತಾಮಣಿಯ ಪೇಟೆಯಲ್ಲಿ ಗೋಣಿಚೀಲ, ಎಣ್ಣೆ, ಬಟ್ಟೆ ತುಂಬಿದ ಅಂಗಡಿಗಳ ಮೇಲೆ ಮನೆಗಳಿವೆ. ಶಿಡ್ಲಘಟ್ಟದ ಗಲ್ಲಿಗಳಲ್ಲಿ ರೀಲಿಂಗ್ ಘಟಕದ ಒಲೆ ಮತ್ತು ಸೌದೆ ರಾಶಿಯ ಪಕ್ಕದ ಗೋಡೆಯೇ ಮಲಗುವ ಕೋಣೆಯ ಗೋಡೆ. ಗೌರಿಬಿದನೂರಿನಲ್ಲಿ ಕಾರ್ಖಾನೆಗೆ ಹೋಗುವವರು ಬಾಡಿಗೆಗಿರುವ ಸಾಲು ಕೋಣೆಗಳಿಗೆ ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಈಚೆಗೆ ವಿದ್ಯುತ್ ಸ್ಕೂಟರುಗಳು ರಾತ್ರಿಯಿಡೀ ಚಾರ್ಜ್ ಆಗುತ್ತಿರುತ್ತವೆ. ಚಿಕ್ಕಬಳ್ಳಾಪುರ 2007ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಹಾಸ್ಟೆಲು, ನರ್ಸಿಂಗ್ ಹೋಂ, ಕಲ್ಯಾಣ ಮಂಟಪಗಳು ಹೆಚ್ಚಿವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎಂದು ಕರೆಯುತ್ತದೆ. ಅಧಿಕಾರಿಗಳ ಕಣ್ಣೂ ಹೆಚ್ಚಾಗಿ ಅಂಥವುಗಳ ಮೇಲೆಯೇ. ನಮ್ಮ ಎರಡು, ಮೂರು ಅಂತಸ್ತಿನ ಕಟ್ಟಡಗಳು ಆ ಕಣ್ಣಿನಿಂದ ಜಾರಿಬಿಡುತ್ತವೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಹೊಗೆ ಪತ್ತೆ ಮಾಡಿ ಕೂಗುವ ಅಲಾರಂ ಕಚೇರಿಗಳ ಅಲಂಕಾರವಲ್ಲ. ಜ್ವರಮಾಪಕ ಇರುವ ಮನೆಯಲ್ಲಿ ಅದೂ ಇರಬೇಕು. ಮಲಗಿದ ಮೂಗಿನ ಬದಲಿಗೆ ಎಚ್ಚರವಿರುವ ಮೂಗು ಅದು. ತಾನು ಕಂಡದ್ದನ್ನು ನಮ್ಮ ಎಚ್ಚರದ ಕಿವಿಗೆ ಹೇಳುತ್ತದೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಅಂಗೈಯಗಲದ ಈ ಸಾಧನದ ಒಳಗೆ ಕತ್ತಲೆಯ ಪುಟ್ಟ ಕೋಣೆಯಿದೆ. ಅದರಲ್ಲಿ ಒಂದು ಬೆಳಕಿನ ಕಿರಣ. ಆ ಕಿರಣ ನೇರವಾಗಿ ಬೀಳದ ಜಾಗದಲ್ಲಿ ಒಂದು ಬೆಳಕಿನ ಕಣ್ಣು. ಹೊಗೆಯ ಕಣಗಳು ಒಳಹೊಕ್ಕರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ. ತಕ್ಷಣ ಅಲಾರಂ ಕೂಗುತ್ತದೆ. ಬಿಸಿಲುಕೋಲಿನಲ್ಲಿ ಧೂಳು ಹೊಳೆಯುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಹಾಸಿಗೆ, ವೈರುಗಳು ಕಮರುತ್ತಾ ಹೊಗೆಯಾಡುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಮನೆಗಳಿಗೆ ಇದು ಸೂಕ್ತ. ಬ್ಯಾಟರಿಯಿಂದ ನಡೆಯುವ ಒಂಟಿ ಸಾಧನಕ್ಕೆ ವೈರಿಂಗ್ ಬೇಡ. ಬೆಲೆ ಒಂದು ಒಳ್ಳೆಯ ಮಿಕ್ಸಿಗಿಂತ ಕಡಿಮೆ.

ಅಡುಗೆಮನೆಗೆ ಇದು ಆಗದು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದರೆ ಅರಚಿಕೊಳ್ಳುತ್ತದೆ. ರೀಲಿಂಗ್ ಕೋಣೆಗೂ ಆಗದು, ಗೂಡು ಬೇಯುವ ಆವಿಯನ್ನೂ ಹೊಗೆಯೆಂದೇ ತಿಳಿಯುತ್ತದೆ. ಇಂಥ ಕಡೆ ತಾಪ ಒಂದು ಮಿತಿ ಮೀರಿದಾಗ ಅಥವಾ ಥಟ್ಟನೆ ಏರಿದಾಗ ಕೂಗುವ ಶಾಖ ಪತ್ತೆ ಸಾಧನ ಹಾಕಬೇಕು. ಹೊಗೆಯ ಸಾಧನವನ್ನು ಘಟಕದಿಂದ ಮನೆಗೆ ಹತ್ತುವ ಮೆಟ್ಟಿಲ ಮೇಲೆ, ಮಲಗುವ ಕೋಣೆಗಳ ಹೊರಗೆ, ಅನುಕೂಲವಿದ್ದರೆ ಒಳಗೂ ಹಾಕಿರಿ. ಅಂತಸ್ತಿಗೆ ಒಂದಾದರೂ ಇರಲಿ. ಹೊಗೆ ಮೇಲೇರುವುದರಿಂದ ಸೂರಿಗೇ ಹಾಕಬೇಕು. ಗೋಡೆ ಮತ್ತು ಸೂರು ಕೂಡುವ ಮೂಲೆ ಬೇಡ, ಅಲ್ಲಿಗೆ ಗಾಳಿ ಸರಿಯಾಗಿ ಸುಳಿಯುವುದಿಲ್ಲ. ಫ್ಯಾನಿನ ಪಕ್ಕ ಬೇಡ, ಕಿಟಕಿಯ ಪಕ್ಕವೂ ಬೇಡ.

ಒಂದು ಎಚ್ಚರಿಕೆ. ಹೊಗೆಯ ಅಲಾರಂ ಕಾರ್ಬನ್ ಮಾನಾಕ್ಸೈಡನ್ನು ಪತ್ತೆ ಮಾಡುವುದಿಲ್ಲ. ಚಳಿಗಾಲದಲ್ಲಿ ಹುಳುಮನೆಯ ಶಾಖಕ್ಕೆಂದು ಇದ್ದಿಲ ಒಲೆ ಇಟ್ಟು, ಹುಳು ನೋಡಿಕೊಳ್ಳಲು ಅಲ್ಲಿಯೇ ಚಂದ್ರಂಕಿಗಳ ಪಕ್ಕ ಮಲಗುವವರಿದ್ದಾರೆ. ಬಾಣಂತಿಯ ಕೋಣೆಗೆ ಕೆಂಡ ಇಡುವ ರೂಢಿಯೂ ಇದೆ. ಕೆಂಡಕ್ಕೆ ಹೊಗೆಯಿಲ್ಲ ಎಂಬುದೇ ಮೋಸ. ಹೊಗೆಯಿಲ್ಲದ ಕೆಂಡವೂ ಮಾನಾಕ್ಸೈಡ್ ಬಿಡುತ್ತದೆ. ಗರ್ಭದ ಶಿಶುವಿಗಂತೂ ಅದು ತಾಯಿಗಿಂತ ಹೆಚ್ಚು ಅಪಾಯಕಾರಿ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಇದೇ ಜಾತಿಯ ಶತ್ರು. ಮಾನಾಕ್ಸೈಡಿಗೆ ಪ್ರತ್ಯೇಕ ಅಲಾರಂ ಸಿಗುತ್ತದೆ. ಅದಕ್ಕೂ ಮೊದಲ ಮದ್ದು: ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಬೇಡಿ.

ಬ್ಯಾಟರಿ ತೆಗೆದ ಅಲಾರಂ

ಅಲಾರಂ ಹಾಕಿಸಿದವರು ಮಾಡುವ ದೊಡ್ಡ ತಪ್ಪು, ಅದು ಎರಡು ಸಲ ಸುಳ್ಳೇ ಕೂಗಿತೆಂದು ಬ್ಯಾಟರಿ ಕಿತ್ತಿಡುವುದು. ದೇವರಿಗೆ ಧೂಪ ಹಾಕುವಾಗ, ಮನೆಯಲ್ಲಿ ಹೋಮ ಮಾಡುವಾಗ ಅದು ಕೂಗುವುದು ಸಹಜ. ಪೂಜೆ ಮುಗಿದ ಮೇಲೆ ಬ್ಯಾಟರಿ ಮರಳಿ ಹಾಕುವುದನ್ನು ಮಾತ್ರ ಮರೆಯುತ್ತೇವೆ. ಪದೇ ಪದೇ ಸುಳ್ಳು ಕೂಗಿದರೆ ಜಾಗ ಬದಲಿಸಿ ಅಥವಾ ಧೂಳು ತೆಗೆಯಿರಿ, ಬಾಯಿ ಮುಚ್ಚಿಸಬೇಡಿ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನವೆಂದು ಬೇಕಾದರೆ ನೆನಪಿಟ್ಟುಕೊಳ್ಳಿ, ಪರೀಕ್ಷಾ ಗುಂಡಿ ಒತ್ತಿ ಶಬ್ದ ಬರುವುದೇ ನೋಡಿ. ಬ್ಯಾಟರಿ ಬದಲಿಸುವಂಥದಾದರೆ ವರ್ಷಕ್ಕೊಮ್ಮೆ, ಯುಗಾದಿಗೆ, ಹೊಸದು ಹಾಕಿ. ಹತ್ತು ವರ್ಷವಾದರೆ ಸಾಧನವನ್ನೇ ಬದಲಿಸಿ.

ಇನ್ನೊಂದು ಸಂಗತಿ ತಾಯಂದಿರಿಗೆ. ಗಾಢ ನಿದ್ದೆಯಲ್ಲಿರುವ ಮಕ್ಕಳು ಅಲಾರಂ ಕೂಗಿದರೂ ಏಳದಿರಬಹುದು. ಇದು ಪರೀಕ್ಷೆಗಳಿಂದ ಕಂಡುಬಂದಿದೆ. ವಯಸ್ಸಾದವರಿಗೆ ಕೀರಲು ಧ್ವನಿ ಕೇಳುವುದೇ ಕಷ್ಟ. ಆದ್ದರಿಂದ ಅಲಾರಂ ಕೂಗಿದಾಗ ಯಾವ ಮಗುವನ್ನು ಯಾರು ಎಬ್ಬಿಸಬೇಕು, ಅಜ್ಜನ ಕೈ ಯಾರು ಹಿಡಿಯಬೇಕು ಎಂಬುದು ಮೊದಲೇ ಗೊತ್ತಾಗಿರಬೇಕು. ಕಿವಿ ಕೇಳದವರಿಗಾಗಿ ಬೆಳಕು ಮಿನುಗಿಸುವ, ದಿಂಬಿನ ಕೆಳಗೆ ಅದುರುವ ಸಾಧನಗಳೂ ಇವೆ.

ಅಲಾರಂ ಒಂದೇ ಸಾಲದು ಎಂಬುದನ್ನೂ ಹೇಳಬೇಕು. ಎಚ್ಚರವಾದ ಮೇಲೆ ಹೊರಹೋಗಲು ದಾರಿಯಿಲ್ಲದಿದ್ದರೆ ಎಚ್ಚರವಾಗಿ ಫಲವೇನು? ನನ್ನ ಪರಿಚಿತರ ಮನೆಯ ಎಲ್ಲ ಗ್ರಿಲ್ಲುಗಳೂ ಗೋಡೆಗೆ ಬೆಸೆದುಹೋಗಿದ್ದವು. ಒಂದು ಕಿಟಕಿಯ ಗ್ರಿಲ್ಲನ್ನಾದರೂ ಒಳಗಿನಿಂದ ತೆಗೆಯುವಂತೆ ಮಾಡಿಸಿ. ಗೇಟಿನ ಬೀಗದ ಕೈ ಮನೆಯವರೆಲ್ಲರಿಗೂ ಗೊತ್ತಿರುವ ಒಂದೇ ಮೊಳೆಯಲ್ಲಿ, ಮಕ್ಕಳ ಕೈಗೆಟಕುವಂತೆ ನೇತಾಡಲಿ. ಮೆಟ್ಟಿಲು ಓಡಾಡುವ ದಾರಿ. ಅಲ್ಲಿ ಹಳೇ ಪೇಪರ್, ಸಿಲಿಂಡರ್, ಸ್ಕೂಟರ್ ಚಾರ್ಜ್ ಬೇಡ.

ನೀವು ಕೇಳಬೇಕಾದ ಪ್ರಶ್ನೆ

ಮನೆಯ ಹೊರಗೂ ನಮ್ಮವರು ಮಲಗುತ್ತಾರೆ. ಮಗಳನ್ನು ಹಾಸ್ಟೆಲಿಗೆ ಸೇರಿಸುವಾಗ ಊಟ ಹೇಗೆ, ಬಾತ್‌ರೂಂ ಹೇಗೆ ಎಂದು ಕೇಳುತ್ತೀರಿ. ಹೆರಿಗೆಗೆ ನರ್ಸಿಂಗ್ ಹೋಂ ಆರಿಸುವಾಗ ಡಾಕ್ಟರು ಹೇಗೆ ಎಂದು ವಿಚಾರಿಸುತ್ತೀರಿ. ಇನ್ನೊಂದು ಪ್ರಶ್ನೆ ಸೇರಿಸಿ: "ಇಲ್ಲಿ ಹೊಗೆಯ ಅಲಾರಂ ಇದೆಯೇ? ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?" ಮಹಾರಾಷ್ಟ್ರದ ಭಂಡಾರಾದಲ್ಲಿ 2021ರ ಜನವರಿ 9ರಂದು, ಉತ್ತರ ಪ್ರದೇಶದ ಝಾನ್ಸಿಯಲ್ಲಿ 2024ರ ನವೆಂಬರ್ 15ರಂದು ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿತ್ತು. ಎರಡೂ ಕಡೆ ಆ ರಾತ್ರಿಯೇ ಹತ್ತು ಹತ್ತು ಹಸುಳೆಗಳು ಹೋದವು. ಎದ್ದು ಓಡಲಾರದವರು ಇರುವ ಕಡೆ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಇಂಥ ಕಟ್ಟಡಗಳಿಗೆ ಒಂಟಿ ಸಾಧನ ಸಾಲದು. ಕೋಣೆ ಕೋಣೆಯ ಪತ್ತೆ ಸಾಧನಗಳೆಲ್ಲ ಒಂದು ಫಲಕಕ್ಕೆ ಕೂಡಿಕೊಂಡಿರಬೇಕು. ಎಲ್ಲಿ ಹೊಗೆಯೆಂದು ಫಲಕ ತೋರಿಸಬೇಕು. ಕಂಡವರು ಒತ್ತಲು ಪ್ರತಿ ಅಂತಸ್ತಿನಲ್ಲೂ ಕೆಂಪು ಗುಂಡಿ ಇರಬೇಕು. ಕರೆಂಟು ಹೋದರೂ ನಡೆಯುವ ಬ್ಯಾಟರಿ ಇರಬೇಕು, ಏಕೆಂದರೆ ಬೆಂಕಿ ಬಿದ್ದಾಗ ಮೊದಲು ಹೋಗುವುದೇ ಕರೆಂಟು. ಫಲಕದ ಮುಂದೆ ರಾತ್ರಿ ಕೂರುವ ಕಾವಲುಗಾರನಿಗೆ ಅದು ಕೂಗಿದರೆ ಏನು ಮಾಡಬೇಕೆಂದು ಕಲಿಸಿರಬೇಕು. ಕಲ್ಯಾಣ ಮಂಟಪದಲ್ಲಿ ವಾಲಗದ ಗದ್ದಲಕ್ಕೆ ಗಂಟೆಯೇ ಕೇಳದು. ಅಲ್ಲಿ ಮಿನುಗುವ ದೀಪವೂ ಇರಲಿ, ಮೈಕಿನಲ್ಲಿ ಹೇಳುವವರೂ ಗೊತ್ತಿರಲಿ.

ನಮ್ಮ ನಾಲ್ಕೂ ಊರುಗಳ ನಗರಸಭೆಗಳಿಗೆ ಒಂದು ಸಲಹೆ. ವ್ಯಾಪಾರದ ಲೈಸೆನ್ಸ್ ನವೀಕರಿಸುವಾಗ, ಮೇಲೆ ಮನೆಯಿರುವ ಅಂಗಡಿ, ಗೋದಾಮು, ರೀಲಿಂಗ್ ಘಟಕಗಳಲ್ಲಿ ಮೆಟ್ಟಿಲಿಗೊಂದು ಹೊಗೆಯ ಅಲಾರಂ ಇದೆಯೇ ಎಂದು ನೋಡಲಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಬಡ ರೀಲರುಗಳಿಗೆ ಸಹಾಯಧನದಲ್ಲಿ ಇದನ್ನೂ ಸೇರಿಸುವುದು ಯಂತ್ರ ಕೊಟ್ಟಷ್ಟೇ ಪುಣ್ಯದ ಕೆಲಸ. ಆದರೆ ಸರ್ಕಾರ ಮಾಡಲೆಂದು ನೀವು ಕಾಯಬೇಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮದೇ ತಾನೇ?

ಕೂಗಿದಾಗ ಏನು ಮಾಡಬೇಕು?

ಅಲಾರಂ ಕೂಗಿದರೆ ಕಾರಣ ಹುಡುಕುತ್ತ ನಿಲ್ಲಬೇಡಿ, ಎಲ್ಲರನ್ನೂ ಎಬ್ಬಿಸಿ. ಬಾಗಿಲನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬೇಡಿ. ಹೊಗೆಯಿದ್ದರೆ ನೆಲಕ್ಕೆ ಬಾಗಿ, ತೆವಳಿ ಹೊರಗೆ ಬನ್ನಿ, ಶುದ್ಧ ಗಾಳಿ ಕೆಳಗಿರುತ್ತದೆ. ಬರುವಾಗ ಬಾಗಿಲುಗಳನ್ನು ಎಳೆದುಕೊಂಡು ಬನ್ನಿ. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಕೋಣೆಯಲ್ಲೇ ಉಳಿದು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಿ ಕರೆಯಿರಿ. ಹೊರಗೆ ಸೇರುವ ಜಾಗ, ಎದುರು ಮನೆಯ ಜಗಲಿಯೋ ಬೀದಿಯ ಬೇವಿನ ಮರವೋ, ಮೊದಲೇ ಗೊತ್ತಿರಲಿ. ಅಲ್ಲಿ ತಲೆ ಎಣಿಸಿ. 101 ಅಥವಾ 112ಕ್ಕೆ ಫೋನು ಮಾಡಿ. ಒಡವೆಗೆ, ಪತ್ರಗಳಿಗೆ ಎಂದು ಒಳಗೆ ಮರಳಬೇಡಿ.

ಹೊಗೆ ಕುಡಿದವರಿಗೆ ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹುಯ್ಯುವುದು ಬೇಡ. ಬಯಲಿಗೆ ತಂದು, ಬಿಗಿಯಾದ ಬಟ್ಟೆ ಸಡಿಲಿಸಿ. ಉಸಿರಾಟ ನಿಂತಿದ್ದರೆ ಬಲ್ಲವರು ಎದೆಯೊತ್ತುವ ಚಿಕಿತ್ಸೆ ಆರಂಭಿಸಲಿ. "ನನಗೇನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಸಿ ಹೊಗೆ ತಾಗಿದ ಗಂಟಲು ಕೆಲವು ಗಂಟೆಗಳ ನಂತರ ಬಾತು ಉಸಿರಿನ ದಾರಿ ಮುಚ್ಚಬಹುದು. ಧ್ವನಿ ಒಡೆದಿದ್ದರೆ, ಮೂಗಿನಲ್ಲಿ ಮಸಿಯಿದ್ದರೆ ತಡಮಾಡಲೇಬಾರದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸುತ್ತದೆ. 98 ಎಂದು ತೋರಿಸಿತೆಂದು ಮನೆಗೆ ಮರಳಬೇಡಿ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡುವುದೇ ಇದಕ್ಕೆ ಮುಖ್ಯ ಚಿಕಿತ್ಸೆ.

ಗೃಹಪ್ರವೇಶದ ದಿನ ನಾನು ಒಂದು ಉಡುಗೊರೆ ಕೊಟ್ಟಿದ್ದೆ, ಗೋಡೆ ಗಡಿಯಾರ. ಎಲ್ಲರೂ ಕೊಡುವಂಥದು. ಮಾರನೆಯ ವಾರ ನಾಚಿಕೆಯಾಗಿ ಎರಡು ಹೊಗೆ ಅಲಾರಂ ಕೊಂಡು ಅವರ ಮನೆಗೆ ಹೋದೆ. ಒಂದನ್ನು ಮೆಟ್ಟಿಲ ಮೇಲೆ, ಒಂದನ್ನು ಮಕ್ಕಳ ಕೋಣೆಯ ಮುಂದೆ ಹಾಕಿದೆವು. ಗುಂಡಿ ಒತ್ತಿದಾಗ ಅದು ಕೂಗಿದ ರಭಸಕ್ಕೆ ಯಜಮಾನರ ತಾಯಿ ಕಿವಿ ಮುಚ್ಚಿಕೊಂಡು, "ಇದೇನಪ್ಪ, ಸತ್ತೋರೂ ಎದ್ದು ಕೂರ್ತಾರೆ" ಎಂದರು.

"ಇದ್ದವರು ಎದ್ದರೆ ಸಾಕಮ್ಮ" ಎಂದೆ.

ಮುಂದಿನ ಸಲ ನೀವು ಗೃಹಪ್ರವೇಶಕ್ಕೆ ಹೋಗುವಾಗ ಗಡಿಯಾರದ ಬದಲು ಇದನ್ನು ಒಯ್ಯಿರಿ. ಅದಕ್ಕೂ ಮೊದಲು ಇವತ್ತು ರಾತ್ರಿ ಮಲಗುವ ಮುನ್ನ ನಿಮ್ಮ ಮನೆಯ ಸೂರನ್ನೊಮ್ಮೆ, ಬೀಗದ ಕೈ ಇರುವ ಜಾಗವನ್ನೊಮ್ಮೆ ನೋಡಿಕೊಳ್ಳಿ.